ಪಕ್ಕದಲ್ಲೇ ನಿಂತಿದ್ದ ಮುಖ

ಕ್ಷಣ ತಡವಾದರೂ ಕೈಮೀರಿ ಹೋಗುವ ಮೆದುಳಿನ ರಕ್ತಸ್ರಾವ ಒಂದು ಕಡೆ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ಇನ್ನೊಂದು ಕಡೆ. ಮೊದಲನೆಯದಕ್ಕೆ ಓಡುವ ಕಾಲು ಬೇಕು, ಎರಡನೆಯದಕ್ಕೆ ಕಾಯುವ ಕಣ್ಣು. ಎರಡನ್ನೂ ಒಂದೇ ಆಯುಷ್ಯದಲ್ಲಿ ರೂಢಿಸಿಕೊಂಡು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ನರಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಕರೆಯುವುದು 'ದೊಡ್ಡ ಮೇಡಂ' ಎಂದು. ಎದುರಿಗೆ ನಿಂತು ಹೊಗಳಿದರೆ "ಸಾಕು, ರೌಂಡ್ಸ್‌ಗೆ ಹೊತ್ತಾಯ್ತು" ಎಂದು ಎದ್ದೇಬಿಡುವವರು ಅವರು. ಅಚ್ಚಾದ ಪುಸ್ತಕದಿಂದ ಎದ್ದುಹೋಗಲಾರರು ಎಂಬ ಧೈರ್ಯದ ಮೇಲೆ ಈ ಬರಹ.

ಮೇಡಂ ಸೇವೆಗೆ ಸೇರಿದಾಗ ವಿಭಾಗವೆಂದರೆ ಸುಣ್ಣ ಉದುರುವ ಎರಡು ಕೋಣೆ, ಹಾಗೂ ಮನಸ್ಸು ಬಂದಾಗ ಮಾತ್ರ ಉರಿಯುವ ದೀಪದ ಒಂದು ಸೂಕ್ಷ್ಮದರ್ಶಕ. ತಲೆಗೆ ಪೆಟ್ಟು ಬಿದ್ದವರು, ರಕ್ತದೊತ್ತಡ ಏರಿ ಮೆದುಳಿನ ರಕ್ತನಾಳ ಒಡೆದವರು ಸಾಲುಸಾಲಾಗಿ ಬರುತ್ತಿದ್ದ ಕಾಲ. ಹೆಪ್ಪುಗಟ್ಟಿದ ರಕ್ತ ತೆಗೆದು ಹೊರಬಂದ ಮೇಲೆ ಮೇಡಂ ರೋಗಿಯ ಮನೆಯವರ ಜೊತೆ ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದರು. "ನಿಂತುಕೊಂಡು ಹೇಳಿದ್ರೆ ಓಡಿಹೋಗೋಕೆ ನಿಂತಿದ್ದಾರೆ ಅನ್ಸುತ್ತೆ ಅವರಿಗೆ" ಎಂದು ಕಿರಿಯರಿಗೆ ಹೇಳಿಕೊಟ್ಟರು. ಇವತ್ತಿಗೂ ವಿಭಾಗದಲ್ಲಿ ಯಾರೂ ನಿಂತು ಸುದ್ದಿ ಹೇಳುವುದಿಲ್ಲ.

ಆಮೇಲೆ ಅವರ ಮನಸ್ಸು ಪಿಟ್ಯುಟರಿಯ ಕಡೆ ವಾಲಿತು. ಮೆದುಳಿನ ತಳದಲ್ಲಿ, ಕಣ್ಣಿನ ನರಗಳ ಕೆಳಗೇ ಇರುವ ಕಡಲೆಕಾಳಿನಷ್ಟು ಗ್ರಂಥಿ, ಅದರಲ್ಲೊಂದು ಬಗೆಯ ಗೆಡ್ಡೆ ಬೆಳೆದರೆ ಕೈಕಾಲು ದಪ್ಪವಾಗುತ್ತವೆ, ಮೂಗು ಅಗಲವಾಗುತ್ತದೆ, ದವಡೆ ಮುಂದೆ ಬರುತ್ತದೆ, ಅದೂ ಎಷ್ಟು ನಿಧಾನವಾಗಿ ಎಂದರೆ ವಯಸ್ಸಾಯಿತೇನೋ ಎಂದುಕೊಂಡು ಎಲ್ಲರೂ ಸುಮ್ಮನಿರುತ್ತಾರೆ. ಮೇಡಂ ರೋಗಿಗಳಿಂದ ಹಳೆಯ ಫೋಟೋ ತರಿಸಿ, ಈಗಿನ ಮುಖದ ಪಕ್ಕದಲ್ಲಿಟ್ಟು, ಗೆಡ್ಡೆ ಯಾವಾಗ ಶುರುವಾಗಿರಬಹುದೆಂದು ಅಂದಾಜು ಮಾಡುವ ಪದ್ಧತಿಯನ್ನು ತಮ್ಮ ಸಂಶೋಧನೆಯ ಬೆನ್ನೆಲುಬಾಗಿಸಿಕೊಂಡರು. "ಫೋಟೋ ಯಾಕೆ ಮೇಡಂ, ಇನ್ನೊಂದು ಮದುವೆ ಮಾಡಿಸ್ತೀರಾ?" ಎಂದು ಬಸ್ ಚಾಲಕರೊಬ್ಬರು ಕೇಳಿದ್ದುಂಟು. ಪಕ್ಕದಲ್ಲಿದ್ದ ಅವರ ಹೆಂಡತಿ ನಗಲಿಲ್ಲ. "ದಿನಾ ನೋಡ್ತಿದ್ದೆ, ನನಗೇ ಗೊತ್ತಾಗಲಿಲ್ವಲ್ಲ" ಎಂದು ಕಣ್ಣೊರೆಸಿಕೊಂಡರು. "ದಿನಾ ನೋಡೋರಿಗೆ ಗೊತ್ತಾಗಲ್ಲಮ್ಮ, ಅದು ನಿಮ್ಮ ತಪ್ಪಲ್ಲ" ಎಂದು ಮೇಡಂ ಅವರ ಕೈ ಹಿಡಿದುಕೊಂಡರು.

ಆ ವರ್ಷಗಳಲ್ಲೆಲ್ಲ ಆಪರೇಷನ್ ಟೇಬಲ್ಲಿನ ಬಳಿ ಮೇಡಂ ಪಕ್ಕ ನಿಲ್ಲುತ್ತಿದ್ದವರು ಅರಿವಳಿಕೆ ತಜ್ಞರಾದ ನಮ್ಮ 'ನಿದ್ದೆ ಡಾಕ್ಟ್ರು'. ಮೇಡಂಗೂ ಅವರಿಗೂ ಮಾತೇ ಬೇಕಿರಲಿಲ್ಲ, ಹುಬ್ಬು ಏರಿಸಿದರೆ ಸಾಕಿತ್ತು. ಹುಬ್ಬಿನ ಕೆಳಗೆ ಇಬ್ಬರಿಗೂ ಸದಾ ಮುಖಗವಸು. ಈಚೆಗೆ ಕೈಗವಸು ಬಿಗಿಯಾಗುತ್ತಿದೆ ಎಂದು ಡಾಕ್ಟ್ರು ಒಮ್ಮೆ ಗೊಣಗಿದರು. "ಕಂಪನಿಯವರು ರಬ್ಬರಲ್ಲೂ ಜಿಪುಣತನ ಮಾಡ್ತಿದ್ದಾರೆ" ಎಂದರು. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು, ಅವರಿಗೆ ಒಂದು ಅಳತೆ ದೊಡ್ಡದು ತರಿಸಿಕೊಟ್ಟರು.

ಒಂದು ಮಧ್ಯಾಹ್ನ ಎರಡು ಆಪರೇಷನ್‌ಗಳ ನಡುವೆ, ಚಹಾ ಕುಡಿಯುತ್ತಿದ್ದ ನಿದ್ದೆ ಡಾಕ್ಟ್ರು ತಲೆ ಹಿಡಿದುಕೊಂಡು ಕುಸಿದರು. "ಲೈಟ್ ಯಾಕೆ ಆರಿಸಿದ್ರಿ?" ಎಂದರು. ದೀಪಗಳೆಲ್ಲ ಉರಿಯುತ್ತಿದ್ದವು. ಮೇಡಂ ಆಗ ಬಗ್ಗಿ, ಮುಖಗವಸಿಲ್ಲದ ಆ ಮುಖವನ್ನು ಹತ್ತಿರದಿಂದ ನೋಡಿದರು: ಅಗಲವಾದ ಮೂಗು, ಮುಂದೆ ಬಂದ ದವಡೆ. ಸ್ಕ್ಯಾನ್ ಬರುವ ಮೊದಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ಗೆಡ್ಡೆಯೊಳಗೇ ರಕ್ತಸ್ರಾವವಾಗಿ, ಅದು ಊದಿ ಕಣ್ಣಿನ ನರಗಳನ್ನು ಅದುಮುತ್ತಿತ್ತು. ತಡವಾದರೆ ದೃಷ್ಟಿ ಶಾಶ್ವತವಾಗಿ ಹೋಗುವುದು ಖಂಡಿತ. ಊರಿನ ಅಪರಿಚಿತರಲ್ಲೆಲ್ಲ ಈ ಕಾಯಿಲೆಯನ್ನು ಗುರುತಿಸಿದವರಿಗೆ ತಮ್ಮ ಪಕ್ಕದವರಲ್ಲೇ ಅದು ಕಂಡಿರಲಿಲ್ಲ. ಬಸ್ ಚಾಲಕರ ಹೆಂಡತಿಗೆ ಅಷ್ಟು ಸಲೀಸಾಗಿ ಹೇಳಿದ್ದ ಸಮಾಧಾನವನ್ನು ತಮಗೆ ತಾವೇ ಹೇಳಿಕೊಳ್ಳಲು ಅವರಿಗೆ ಬಾಯಿ ಬರಲಿಲ್ಲ.

ಬೇರೆಯವರು ಆಪರೇಷನ್ ಮಾಡಲಿ ಎಂದು ಮೇಡಂ ಹಿಂದೆ ಸರಿದರು. ಅವರು ಹಾಗೆ ಸರಿದದ್ದನ್ನು ವಿಭಾಗ ಕಂಡದ್ದು ಅದೊಂದೇ ಸಲ. ಕಾಣದ ಕಣ್ಣುಗಳನ್ನು ಅವರ ದನಿಯ ಕಡೆ ತಿರುಗಿಸಿ ಡಾಕ್ಟ್ರು ಹೇಳಿದರು: "ನೀವೇ ಮಾಡಿ ಮೇಡಂ. ಬೇರೆಯವರ ಕೈ ನಾನು ನೋಡಿಲ್ಲ, ನಿಮ್ಮದು ನೋಡಿದ್ದೀನಿ."

ಮೂಗಿನ ಮೂಲಕ ಹೋಗಿ, ರಕ್ತವನ್ನೂ ಗೆಡ್ಡೆಯನ್ನೂ ತೆಗೆದು, ಉಸಿರು ಬಿಗಿಹಿಡಿದ ಕೋಣೆಯಿಂದ ಮೇಡಂ ಹೊರಬಂದಾಗ ಬೆಂಚಿನ ಮೇಲೆ ಡಾಕ್ಟ್ರ ಹೆಂಡತಿ ಕೂತಿದ್ದರು. ಮೇಡಂ ಪಕ್ಕದಲ್ಲಿ ಕೂತರು. ಆಕೆಯೇ ಇವರ ಬೆನ್ನು ಸವರಿದರು.

ತೀವ್ರನಿಗಾ ಘಟಕದಲ್ಲಿ ಡಾಕ್ಟ್ರು ಕಣ್ಣು ಬಿಟ್ಟಾಗ ಮೇಡಂ ಬೆರಳುಗಳನ್ನು ಮುಂದೆ ಹಿಡಿದು, ಎಷ್ಟು ಎಂದು ಕೇಳಿದರು. ಮೂಗಿಗೆ ಅರಳೆ ತುರುಕಿದ್ದರಿಂದ ಗೊಗ್ಗರು ದನಿಯಲ್ಲಿ ಉತ್ತರ ಬಂತು: "ಬೆರಳು ಆಮೇಲೆ ಎಣಿಸ್ತೀನಿ. ಮೊದಲು ಆ ಮಾಸ್ಕ್ ತೆಗೀರಿ." ತೆಗೆದರು. "ಅಯ್ಯೋ, ನಿಮಗೂ ವಯಸ್ಸಾಯ್ತಲ್ಲ ಮೇಡಂ!" ಅಂದರು ಡಾಕ್ಟ್ರು. ಮೇಡಂ ನಗುತ್ತಲೇ ಅತ್ತುಬಿಟ್ಟರು. ಎಡಗಣ್ಣಿನ ಅಂಚು ಮಾತ್ರ ಮಂಜಾಗಿಯೇ ಉಳಿಯಿತು.

ಅಂದಿನಿಂದ ಹೊಸ ವಿದ್ಯಾರ್ಥಿಗಳ ಮೊದಲ ತರಗತಿಯಲ್ಲಿ ಮೇಡಂ ತೋರಿಸುತ್ತ ಬಂದದ್ದು ತಮ್ಮ ಗೆಲುವುಗಳನ್ನಲ್ಲ, ಹಲವು ವರ್ಷಗಳ ಅಂತರದಲ್ಲಿ ತೆಗೆದ ವಿಭಾಗದ ಎರಡು ಸಮೂಹಚಿತ್ರಗಳನ್ನು. "ಈ ಡಾಕ್ಟ್ರ ಮುಖ ಹೇಗೆ ಬದಲಾಗಿದೆ ನೋಡಿ. ಆಮೇಲೆ, ಎರಡರಲ್ಲೂ ಇವರ ಪಕ್ಕ ಹಲ್ಲು ಕಿರಿದು ನಿಂತಿರೋಳನ್ನೂ ನೋಡಿ. ಕುರುಡು ಯಾರಿಗಿತ್ತು ಹೇಳಿ?" ಎನ್ನುತ್ತಿದ್ದರು. ತಮ್ಮ ತಪ್ಪನ್ನೇ ಪಾಠವಾಗಿಸಿದ ಗುರುಗಳು ನಮ್ಮ ಕಾಲದಲ್ಲಿ ವಿರಳ.

ಕಳೆದ ವಾರ ಅವರ ಕೊನೆಯ ತರಗತಿ. ಮೊದಲೇ ನಿವೃತ್ತರಾಗಿರುವ ನಿದ್ದೆ ಡಾಕ್ಟ್ರು ಹೇಳದೆ ಕೇಳದೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಎಂದಿನ ಪ್ರಶ್ನೆ ಬಂದಾಗ ಎದ್ದು ನಿಂತು, "ಪಾಠ ಪ್ರತಿ ಸಲ ಅರ್ಧಕ್ಕೇ ನಿಲ್ಲಿಸ್ತೀರಂತೆ ಮೇಡಂ" ಎಂದರು. "ಆ ಪಕ್ಕದಲ್ಲಿ ನಿಂತಿರೋರೇ ನನಗೆ ಕಣ್ಣು ಕೊಟ್ಟಿದ್ದು. ಅದನ್ನೂ ಹೇಳಿ ಮುಗಿಸಿ."

ಮೇಡಂಗೆ ಹೇಳಲಾಗಲಿಲ್ಲ. ಆದ್ದರಿಂದ ಅವರ ಪರವಾಗಿ ಇಲ್ಲಿ ಹೇಳಿ ಮುಗಿಸುತ್ತಿದೆ ಅವರ ವಿಭಾಗ. ವಾರಕ್ಕೆರಡು ಬೆಳಿಗ್ಗೆ ಹೊರರೋಗಿಗಳನ್ನು ನೋಡಲು ಒಪ್ಪಿರುವ ಅವರಿಗೆ ಆಯುಷ್ಯವೂ ಆರೋಗ್ಯವೂ ಬಿಡುವಿಲ್ಲದಷ್ಟು ಕೆಲಸವೂ ಕೂಡಿಬರಲಿ. ಅವರನ್ನು ಇನ್ನೂ ಬಹುಕಾಲ ನೋಡುವ ಭಾಗ್ಯ ನಮ್ಮದಾಗಲಿ, ನೋಡಿದಾಗಲೆಲ್ಲ ಸರಿಯಾಗಿ ನೋಡುವ ಬುದ್ಧಿಯೂ ನಮಗಿರಲಿ.