ನಮ್ಮ ಬೀದಿಗೆ ಕೇಳಿಸದ ಎಂಜಿನ್ ಸದ್ದು

ಎದುರುಮನೆಯ ಪದ್ಮಾ ಆಂಟಿ ನಮ್ಮ ಗೇಟು ತಳ್ಳಿಕೊಂಡು ಬಂದಾಗ ನಾನು ಬೈಕಿನ ಹಿಂದೆ ಅಡಗಿ ಕುಳಿತೆ. ಇಷ್ಟು ದಿನ ಕೂಡಿಟ್ಟ ಬೈಗುಳವನ್ನೆಲ್ಲ ಒಟ್ಟಿಗೇ ಕೊಡಲು ಬಂದಿದ್ದಾರೆ ಅಂದುಕೊಂಡೆ. ಎನ್.ಆರ್. ಕಾಲೋನಿಯ ನಮ್ಮ ಬೀದಿಯಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಬೈಕ್ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಲಿ ಎಂದು ವಿಮಾನ ಹಾರಿಸುವವನಂತೆ ಆಕ್ಸಿಲರೇಟರ್ ತಿರುಚುತ್ತಿದ್ದವನು ನಾನು. ಹೊಸ ಗಾಡಿಗೆ ಈ ಸೇವೆ ಬೇಕೇ ಇಲ್ಲ ಎಂದು ಹಿಂದಿನ ದಿನ ಸರ್ವೀಸ್ ಸೆಂಟರಿನವರು ನಕ್ಕಿದ್ದರು. ಹಾಗಾಗಿ ಅಂದು ನನ್ನ ಬೈಕ್ ತೆಪ್ಪಗಿತ್ತು.

"ಏನೋ, ಗಾಡಿ ಕೆಟ್ಟೋಯ್ತಾ?" ಎಂದರು ಆಂಟಿ, ಏದುಸಿರು ಬಿಡುತ್ತ.

"ಇಲ್ಲ ಆಂಟಿ, ಇನ್ಮೇಲೆ ಸೌಂಡೇ ಮಾಡಲ್ಲ, ಪ್ರಾಮಿಸ್!"

"ಅಯ್ಯೋ, ಹಂಗ್ಮಾತ್ರ ಮಾಡ್ಬೇಡ್ವೋ! ನಿನ್ ಗಾಡಿ ಕಿರುಚಿದ್ರೇನೇ ನಮ್ಮನೆಯವ್ರಿಗೆ ಬಿಪಿ ಮಾತ್ರೆ ಕೊಡೋದು ನೆನಪಾಗೋದು. ಇವತ್ತು ಮರ್ತೇಬಿಟ್ಟೆ ನೋಡು, ತಲೆ ಸುತ್ತು ಅಂತ ಮಲಗ್ಬಿಟ್ಟಿದಾರೆ. ಈಗ ಮಾತ್ರೆ ಕೊಟ್ಟು ಬರ್ತಿದೀನಿ."

ನನ್ನ ತಲೆಯೂ ಸುತ್ತಿತು. ಮಧ್ಯಾಹ್ನ ಅಂಕಲ್ ಎದ್ದು ಕೂತು ಕಾಫಿ ಕೇಳಿದರು ಎಂದು ತಿಳಿಯುವವರೆಗೂ ನನಗೆ ಊಟ ಸೇರಲಿಲ್ಲ. ಸಂಜೆಯೇ ಹೋಗಿ ಆಂಟಿಯ ಮೊಬೈಲಿಗೆ ಅಲಾರಂ ಇಟ್ಟುಕೊಟ್ಟೆ. ಕೋಗಿಲೆ, ಕೊಳಲು, ಸುಪ್ರಭಾತ ಯಾವುದೂ ಅವರ ಕಿವಿಗೆ ನಾಟಲಿಲ್ಲ. ಕೊನೆಗೆ ನನ್ನ ಬೈಕಿನ ಅರಚಾಟವನ್ನೇ ರೆಕಾರ್ಡ್ ಮಾಡಿ ಹಾಕಿದೆ.

ಎಂಜಿನ್ನಿಗೆ ಕಿಂಚಿತ್ತೂ ಉಪಯೋಗವಾಗದ ನನ್ನ ಆರೈಕೆ ಅಂಕಲ್ ಬಿಪಿಯನ್ನಂತೂ ಹಿಡಿತದಲ್ಲಿಟ್ಟಿತ್ತು. ಬೀದಿಯ ಉಳಿದವರ ಬಿಪಿ ಎಷ್ಟು ಏರಿಸಿತ್ತೋ, ಹೋಗಿ ಕೇಳುವ ಧೈರ್ಯ ಇನ್ನೂ ಬಂದಿಲ್ಲ.