ಆರ್ವಿಡ್ ಹೌಗನ್ ಇಳಿಯದ ವಿನ್ನಿಪೆಗ್

ಮಿನಿಯಾಪೊಲಿಸ್‌ನ ವಿಮಾನ ಚಾಲಕ ಆರ್ವಿಡ್ ಹೌಗನ್‌ನ ಸೊಂಟದಲ್ಲಿ ಒಂದು ಪಿಸ್ತೂಲು ಇರುತ್ತಿತ್ತು. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಮೇಲೆ ಅಮೆರಿಕದ ಸರ್ಕಾರ, ಒಪ್ಪಿ ಮುಂದೆ ಬಂದ ಪೈಲಟ್‌ಗಳಿಗೆ ತರಬೇತಿ ಕೊಟ್ಟು ಒಪ್ಪಿಸಿದ ಪಿಸ್ತೂಲು. ಕಾಕ್‌ಪಿಟ್ ಬಾಗಿಲು ಒಡೆದು ಯಾರಾದರೂ ನುಗ್ಗಿದರೆ ಮಾತ್ರ ಅದಕ್ಕೆ ಕೆಲಸ. ಇಷ್ಟು ವರ್ಷಗಳಲ್ಲಿ ಯಾರೂ ನುಗ್ಗಲಿಲ್ಲ. ಅದು ತನ್ನ ಬಳಿ ಇದೆ ಎಂದು ಹೊರಗಿನವರ ಮುಂದೆ ಬಾಯಿ ಬಿಡುವಂತೆಯೂ ಇರಲಿಲ್ಲ. ಹಿಂದಿನ ಸೀಟಿನವರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು, ಇವನು ಅವರನ್ನು ಕಾಯುತ್ತಿದ್ದ. ಯಾರಿಗೂ ತಿಳಿಯದ ಕಾವಲುಗಾರನಿಗೆ ಶಹಬ್ಬಾಸ್ ಎನ್ನುವವರು ಯಾರು?

ಹೆಂಡತಿ ಮಾರಿತ್ ತೀರಿಕೊಂಡಾಗ ಅವನು ವಿಮಾನದಿಂದ ಇಳಿದವನೇ ನೇರವಾಗಿ ಚರ್ಚಿಗೆ ಓಡಿದ್ದ. ಕಾರಿ ಎಂಬ ಹೆಸರಿನ ಮಗಳು ಅಳುತ್ತಾ ಬಂದು ಅಪ್ಪಿಕೊಂಡಳು. ಅಪ್ಪಿದ ಕೈ ಕೋಟಿನೊಳಗಿನ ಗಟ್ಟಿ ವಸ್ತುವಿಗೆ ತಾಗಿತು. ಕೈ ಹಿಂದೆಗೆದುಕೊಂಡಳು.

"ಅಮ್ಮನ ಶವಪೆಟ್ಟಿಗೆ ಮುಂದಕ್ಕಾದ್ರೂ ಅದನ್ನ ಬಿಟ್ಟು ಬರೋಕಾಗಲಿಲ್ವಾ ಅಪ್ಪ?"

ಎಲ್ಲೆಂದರಲ್ಲಿ ಬಿಟ್ಟು ಬರುವ ವಸ್ತು ಅಲ್ಲ ಅದು, ನಿಯಮ ಹಾಗಿದೆ ಎಂದು ಅವನು ಹೇಳಿದ. ಹೆಣದ ಮುಂದೆ ನಿಂತು ನಿಯಮ ಹೇಳಿದ ಮನುಷ್ಯ! ಕಾರಿ ಆಮೇಲೆ ಗಡಿಯಾಚೆ ಕೆನಡಾದ ವಿನ್ನಿಪೆಗ್‌ಗೆ ಹೋಗಿ ಅಲ್ಲೇ ಸಂಸಾರ ಹೂಡಿದಳು. ಮಗ ಹುಟ್ಟಿದ್ದನ್ನು ಫೋನಿನಲ್ಲಿ ತಿಳಿಸಿದಳು, ಬಾ ಎನ್ನಲಿಲ್ಲ. ಕರೆಯದ ಮನೆಗೆ ಹೋಗಲು ಇವನಿಗೂ ಬಿಗುಮಾನ. ಪಿಸ್ತೂಲಿಗೆ ಗಡಿ ದಾಟುವ ಅಪ್ಪಣೆ ಇರಲಿಲ್ಲ, ಹಾಗಾಗಿ ಹೊರದೇಶದ ಹಾರಾಟಗಳನ್ನೂ ಅವನು ಕೇಳಿಕೊಳ್ಳುತ್ತಿರಲಿಲ್ಲ. ಒಳ್ಳೆಯ ನೆಪವಾಗಿತ್ತು ಅದು. ಮನೆಯಲ್ಲಿ ಒಂಟಿಯಾಗಿ ಡಬ್ಬಿಯ ಸೂಪು ಬಿಸಿಮಾಡಿಕೊಂಡು, ಸಿಂಕಿನ ಮುಂದೆ ನಿಂತೇ ಕುಡಿದು ಮಲಗುತ್ತಿದ್ದ.

ಮೊಮ್ಮಗನಿಗೆ ಎಂಟು ತಿಂಗಳಾದ ಆ ಚಳಿಗಾಲ ಅವನಿಗೆ ತಡೆಯಲಾಗಲಿಲ್ಲ. ವಿನ್ನಿಪೆಗ್‌ನ ಹಾರಾಟ ಕೇಳಿ ಪಡೆದು ಮಗಳಿಗೆ ಫೋನು ಮಾಡಿದ.

"ಅಲ್ಲಿ ಒಂದು ಗಂಟೆ ಬಿಡುವಿರುತ್ತೆ ಕಣಮ್ಮ. ಏರ್‌ಪೋರ್ಟಿಗೆ ಬರ್ತೀಯಾ?"

"ನಿನ್ನ ಸೊಂಟದ ಜೊತೆಗಾರನ್ನ ಬಿಟ್ಟು ಬರ್ತೀಯಾ?"

"ಬಿಟ್ಟು ಬರ್ತೀನಿ."

"ಹಾಗಾದ್ರೆ ನಿನ್ನ ಮೊಮ್ಮಗನ್ನೂ ಕರ್ಕೊಂಡು ಬರ್ತೀನಿ."

ಆ ದಿನ ಬೆಳಿಗ್ಗೆ ದೇಶದೊಳಗಿನ ಫಾರ್ಗೋದಿಂದ ಮಿನಿಯಾಪೊಲಿಸ್‌ಗೆ ಒಂದು ಹಾರಾಟ, ಅಲ್ಲಿಂದ ವಿನ್ನಿಪೆಗ್‌ಗೆ. ನಡುವೆ ಪಿಸ್ತೂಲನ್ನು ಕಚೇರಿಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕಿತ್ತು. ಆದರೆ ಫಾರ್ಗೋದ ಮಂಜಿನಿಂದಾಗಿ ವಿಮಾನ ತಡವಾಯಿತು. ಇದ್ದ ಚೂರು ಹೊತ್ತಿನಲ್ಲಿ ಮೊಮ್ಮಗನಿಗೊಂದು ಬಟ್ಟೆಯ ಬಾತುಕೋಳಿ ಕೊಂಡು, ಬಾತುಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದ. ಬೆರಳಿನ ಮದುವೆ ಉಂಗುರದ ಭಾರ ಯಾರಿಗೆ ಗೊತ್ತಾಗುತ್ತದೆ? ಸೊಂಟದ ಭಾರವೂ ಅವನಿಗೆ ಹಾಗೇ ಆಗಿಹೋಗಿತ್ತು.

ವಿನ್ನಿಪೆಗ್‌ನಲ್ಲಿ ಪ್ರಯಾಣಿಕರೆಲ್ಲ ಇಳಿದ ಮೇಲೆ, ಮಗಳ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣಲೆಂದು ಎದ್ದು ಅಂಗಿ ಸರಿಪಡಿಸಿಕೊಳ್ಳಲು ಬೆಲ್ಟಿಗೆ ಕೈ ಹಾಕಿದ. ಪಿಸ್ತೂಲು ತಾಗಿ ಕೈ ಅಲ್ಲೇ ನಿಂತಿತು.

ಸಹಚಾಲಕಿ ಟ್ರಿನಾ ಅವನ ಮುಖ ನೋಡಿದಳು, ಸೊಂಟ ನೋಡಿದಳು. "ಅಯ್ಯೋ ಕ್ಯಾಪ್ಟನ್! ಬ್ಯಾಗಲ್ಲಿಟ್ಟು ಬಾಗಿಲು ಹಾಕ್ಕೊಂಡು ಹೋಗಿ ಬನ್ನಿ. ನಾನಿರ್ತೀನಿ. ಯಾರಿಗ್ ಗೊತ್ತಾಗತ್ತೆ?"

"ಅದು ನನ್ನ ಹೆಸರಲ್ಲಿದೆ. ನಿನ್ನ ತಲೆಗೆ ಕಟ್ಟಿ ಹೋಗ್ಲಾ?" ಎಂದು ಅವನೇ ರೇಡಿಯೋ ಎತ್ತಿ ತಪ್ಪು ಒಪ್ಪಿಕೊಂಡ. ಕೆನಡಾದ ಇಬ್ಬರು ಗಡಿ ಅಧಿಕಾರಿಗಳು ಬಂದರು. ದನಿ ಏರಿಸಲಿಲ್ಲ. ಆಚೆಗೆ ಫೋನು, ಈಚೆಗೆ ಫೋನು ಓಡಾಡಿದ ಮೇಲೆ ಹಿರಿಯ ಅಧಿಕಾರಿ ಹೇಳಿದ: "ಪಿಸ್ತೂಲು ನಮ್ಮ ನೆಲ ಮುಟ್ಟೋ ಹಾಗಿಲ್ಲ. ನೀವೂ ಇಳಿಯೋ ಹಾಗಿಲ್ಲ. ಹೊರಡೋವರೆಗೂ ಇಲ್ಲೇ ಇರಿ, ಕ್ಯಾಪ್ಟನ್."

ನಿಲ್ದಾಣದ ಗಾಜಿನ ಗೋಡೆಯ ಹಿಂದೆ ಕೆಂಪು ಕೋಟಿನ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಫೋನು ಬಡಿದುಕೊಂಡಿತು.

"ಎಲ್ಲಿದ್ದೀಯ ಅಪ್ಪ? ವಿಮಾನ ಕಾಣ್ತಾ ಇದೆ, ನೀನ್ ಬರ್ಲೇ ಇಲ್ವಲ್ಲ!"

ಎಂಜಿನ್ ಕೆಟ್ಟಿದೆ ಎನ್ನಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಇದ್ದದ್ದನ್ನು ಇದ್ದಂತೆ ಹೇಳಿದ. "ಮರೆತುಬಿಟ್ಟೆ ಕಣಮ್ಮ. ದೇವರಾಣೆಗೂ ಮರೆತೇಬಿಟ್ಟೆ."

ಆಚೆಯಿಂದ ಮಗುವಿನ ತೊದಲು ಕೇಳಿಸಿತು.

"ಅದನ್ನ ಮರೀತೀಯ ಅಂದ್ರೆ ಯಾರ್ ನಂಬ್ತಾರೆ ಅಪ್ಪ?" ಎಂದಳು ಕಾರಿ. ಫೋನು ಇಟ್ಟಳು. ಕೆಂಪು ಕೋಟು ಗಾಜಿನಿಂದ ದೂರವಾಯಿತು. ಆರ್ವಿಡ್ ಬಾತುಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಟ್ರಿನಾ ಕಿಟಕಿಯಾಚೆ ನೋಡುತ್ತಾ ಕುಳಿತಳು.

ಹೊರಡುವ ಹೊತ್ತಿಗೆ ಹಿರಿಯ ಅಧಿಕಾರಿ ಬಂದು ಒಂದು ಡಬ್ಬಿ ಚಾಚಿದ. "ಅಲ್ಲೊಬ್ರು ಹೆಣ್ಮಗಳು ಕೊಟ್ರು. ಬಿಚ್ಚಿ ನೋಡಿದ್ದೀವಿ, ತಿಂಡಿ ಅಷ್ಟೇ."

ಆರ್ವಿಡ್ ಬಾತುಕೋಳಿಯನ್ನು ಅವನ ಕೈಗಿತ್ತ. "ಇದನ್ನ ಅವರಿಗೆ ಮುಟ್ಟಿಸ್ತೀರಾ?"

"ಅವರು ಆಗ್ಲೇ ಹೊರಟುಹೋದ್ರಲ್ಲ, ಕ್ಯಾಪ್ಟನ್," ಎಂದು ಅಧಿಕಾರಿ ಬಾತುಕೋಳಿಯನ್ನು ಮರಳಿಸಿದ.

ಡಬ್ಬಿಯಲ್ಲಿ ಲೆಫ್ಸೆ ಇತ್ತು. ಮಾರಿತ್ ಹಬ್ಬಕ್ಕೆ ಮಾಡುತ್ತಿದ್ದ ಆಲೂಗಡ್ಡೆಯ ತೆಳು ರೊಟ್ಟಿ, ಅವಳಂತೆಯೇ ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿದ್ದು. ಜೊತೆಗೆ ಒಂದು ಮಾತೂ ಬಂದಿರಲಿಲ್ಲ. ಮನೆಗೆ ಬಂದವನು ಅಂದು ಸೂಪು ಬಿಸಿಮಾಡಲಿಲ್ಲ. ಮೇಜಿನ ಮುಂದೆ ಕುಳಿತು ಒಂದೊಂದೇ ಸುರುಳಿ ತಿಂದ. ಕೊನೆಯದರ ತುದಿಯನ್ನು ಯಾರೋ ಕಚ್ಚಿದ್ದರು. ಎರಡೇ ಎರಡು ಪುಟ್ಟ ಹಲ್ಲುಗಳ ಗುರುತು.

ಮರುದಿನ ಅವನು ಪಿಸ್ತೂಲನ್ನು ಸರ್ಕಾರಕ್ಕೆ ಹಿಂದಿರುಗಿಸಿದ. ಕಚ್ಚಿದ ಆ ಸುರುಳಿಯನ್ನು ಮಾತ್ರ ಅವನು ತಿನ್ನಲಿಲ್ಲ.