ಅಕ್ಕ ಹೇಳಿದ್ದೆಲ್ಲ ಖರೇ ಇತ್ತು

ನನ್ನ ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅಪ್ಪ ಬಾಗಲಕೋಟೆ ಕಡೆಯಿಂದ ಗಡಿಯಾಚೆಯ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಬಂದವನು. ನಾವಿಬ್ಬರೂ ಹುಟ್ಟಿದ್ದು ಅಲ್ಲೇ, ಗೋಡೆಯಾಚೆ ಹಗಲೆಲ್ಲ ಮಗ್ಗಗಳು ಬಡಿಯುತ್ತಿದ್ದ ಓಣಿಯಲ್ಲಿ. ಆ ಸದ್ದು ಅಕ್ಕನಿಗೆ ತೊಂದರೆ ಕೊಡುತ್ತಿರಲಿಲ್ಲ. ಕರೆಂಟು ಹೋಗಿ, ಮತ್ತೆ ಬಂದು, ಮಗ್ಗಗಳೆಲ್ಲ ಒಮ್ಮೆಲೇ ಶುರುವಾದಾಗ ಮಾತ್ರ ಕಿವಿ ಮುಚ್ಚಿಕೊಂಡು ಕೂಗಿಬಿಡುತ್ತಿದ್ದಳು. ಓಣಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. “ಹಟಾ ಮಾಡ್ತಿ” ಎಂದು ಅವ್ವ ನಾಚಿಕೆಗೆ ಬೆನ್ನ ಮೇಲೆ ಬಡಿಯುತ್ತಿದ್ದಳು. ಅಕ್ಕ ಇನ್ನೂ ಜೋರಾಗಿ ಕೂಗುತ್ತಿದ್ದಳು.

ಏಳನೆಯ ತರಗತಿಗೇ ಸಾಲೆ ಬಿಟ್ಟಳು. ದೊಡ್ಡವಳಾದ ಮೇಲೆ ಒಂದು ಕಾರಖಾನೆಯಲ್ಲಿ ಮೆಂಡಿಂಗ್ ಕೆಲಸ ಸಿಕ್ಕಿತು. ಮಗ್ಗದಿಂದ ಇಳಿದ ಬಟ್ಟೆಯಲ್ಲಿ ಕಡಿದ ಎಳೆ, ಗಂಟು, ಕಲೆ ಹುಡುಕಿ ಸರಿಪಡಿಸುವುದು. ಉಳಿದ ಹೆಂಗಸರು ಮಾತಾಡುತ್ತ ನೋಡುತ್ತಿದ್ದರು. ಅಕ್ಕ ಮಾತಾಡುತ್ತಿರಲಿಲ್ಲ. ಒಂದು ಅಂಗುಲ ಬಿಡದೆ ಬೆರಳಾಡಿಸಿ ನೋಡುತ್ತಿದ್ದಳು. ಮಾಲೀಕರು ಕನ್ನಡ ಮನೆಮಾತಿನ ಜೈನರು; ಒಮ್ಮೆ ಅಪ್ಪನನ್ನು ಕರೆದು, “ನಿಮ್ಮ ಹುಡುಗಿ ನೋಡಿ ಕೊಟ್ಟ ಬಟ್ಟಿ ಇವತ್ತಿನ ತನಕ ವಾಪಸ್ ಬಂದಿಲ್ರಿ” ಎಂದರಂತೆ. ಅಪ್ಪ ಅದನ್ನು ಮನೆಗೆ ಬಂದು ಎರಡು ಸಲ ಹೇಳಿದ.

ಅವಳನ್ನು ನೋಡಲು ಒಂದು ಮನೆಯವರು ಬಂದಾಗ ಚಹಾ ಕೊಟ್ಟು ಹುಡುಗನ ತಾಯಿಯ ಹತ್ತಿರ ನಿಂತಳು. ಅವರು ಉಟ್ಟ ಹೊಸ ಸೀರೆಯ ಅಂಚನ್ನು ಹಿಡಿದು ನೋಡಿದಳು.

“ಇದರಾಗ ಎರಡು ಎಳಿ ತಪ್ಪ್ಯಾವ್ರಿ. ಅಂಗಡಿಯವ ನಿಮಗ ಮೋಸ ಮಾಡ್ಯಾನ.”

ಚಹಾ ಅರ್ಧಕ್ಕೇ ಬಿಟ್ಟು ಅವರು ಎದ್ದು ಹೋದರು. ನನ್ನ ಮದುವೆಯೂ ಕೆಟ್ಟೀತೆಂಬ ಸಿಟ್ಟು ನನಗೆ.

“ಖರೇ ಇದ್ದದ್ದೆಲ್ಲ ಹೇಳಬೇಕೇನ? ನೀ ಇರಬಾರದಿತ್ತು” ಎಂದೆ.

ಅಕ್ಕ ನನ್ನ ಮುಖ ನೋಡಲಿಲ್ಲ. “ಎಲ್ಲಿ ಇರಬಾರದಿತ್ತು?” ಎಂದು ಕೇಳಿದಳು. ಅಣಕಿಸುತ್ತಿದ್ದಾಳೆ ಎಂದುಕೊಂಡು ನಾನು ವಾರಗಟ್ಟಲೆ ಮಾತು ಬಿಟ್ಟೆ.

ಆಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನಾನು ಗಡಹಿಂಗ್ಲಜಕ್ಕೆ ಮದುವೆಯಾಗಿ ಬಂದೆ. ಅಪ್ಪ ತೀರಿಹೋದ. ಅವ್ವ, ಅಕ್ಕ ಅದೇ ಮನೆಯಲ್ಲಿ ಉಳಿದರು.

ನನಗೆ ತಡವಾಗಿ ಹುಟ್ಟಿದ ಮಗಳಿಗೆ ಈಗ ಆರು ವರ್ಷ. ಹೋದ ವರ್ಷ ಸಾಲೆಯವರು ಹೇಳಿದರೆಂದು ಅವಳನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಮರಾಠಿಯಲ್ಲಿ ಒಂದೊಂದಾಗಿ ಕೇಳುತ್ತ ಹೋದರು. ತಟ್ಟನೆ ಬಂದ ಸದ್ದಿಗೆ ಕಿವಿ ಮುಚ್ಚುತ್ತಾಳೆಯೇ? ಅಂದ ಮಾತನ್ನು ಅಂದಂತೆಯೇ ಹಿಡಿಯುತ್ತಾಳೆಯೇ? ಬೇರೆಯವರಿಗೆ ಕಾಣದ ಸಣ್ಣ ಸಂಗತಿ ಇವಳಿಗೆ ಕಾಣುತ್ತದೆಯೇ? ನಾನು ಉತ್ತರ ಕೊಡುತ್ತಿದ್ದದ್ದು ಮಗಳ ಬಗ್ಗೆ. ಕಣ್ಣೆದುರು ನಿಂತಿದ್ದವಳು ಅಕ್ಕ. ಮನೆಯಲ್ಲಿ ಇಂಥವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಗಂಡ ಪಕ್ಕದಲ್ಲಿದ್ದ. “ಇಲ್ಲ” ಎಂದೆ.

ಮುಂದಿನ ರವಿವಾರ ಒಬ್ಬಳೇ ಇಚಲಕರಂಜಿಗೆ ಹೋದೆ. ಅಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ಮಗಳಿಗೆ ಆಟಿಸಂ ಎಂದು ಡಾಕ್ಟರ್ ಹೇಳಿದ್ದನ್ನು ಹೇಳಿ, “ನಿನಗೂ ಅದ ಇರಬೇಕು, ಅಕ್ಕ” ಎಂದೆ.

“ಇದು ಜಡ್ಡೇನು?”

“ಅಲ್ಲಂತ. ಹುಟ್ಟಿದಾಗಿಂದ ಹಂಗ ಇರತೈತಂತ.”

ಅವಳು ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಬಿಡಿಸಿದಳು. “ಹಂಗಾರ ನಾ ಹಟಾ ಮಾಡ್ತಿದ್ದಿಲ್ಲ” ಎಂದಳು.

ಒಲೆಯ ಹತ್ತಿರ ಕೂತಿದ್ದ ಅವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಸೆರಗು ಬಾಯಿಗಿಟ್ಟು, “ನಾ ಭಾಳ ಬಡದೇನಿ ಇಕಿಗೆ” ಎಂದಳು.

“ಹೌದು, ಬಡದಿ. ನಾ ಸಣ್ಣಾಕಿ ಇದ್ದೆ” ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನ ಹೇಳುವ ಆಸೆಯೂ ಇರಲಿಲ್ಲ. ಅವ್ವ ಅಳುತ್ತಿದ್ದಳು. ನನ್ನ ತಪ್ಪನ್ನೂ ಹೇಳಿಕೊಳ್ಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಕೇಳಿದಳು:

“ಕೂಸಿಗೆ ಯಾವ ಸಪ್ಪಳ ಆಗಂಗಿಲ್ಲ?”

“ಮಿಕ್ಸರಂದು.”

“ಹಚ್ಚೂ ಮೊದಲ ಹೇಳ್ತಿ?”

“ಇಲ್ಲ.”

“ಹೇಳು. ಗೊತ್ತಿದ್ರ ತಡಕೋಬಹುದು. ಗೊತ್ತಿಲ್ದ ಬಂದ್ರ ಬಡದಂಗ ಆಗತೈತಿ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತೇ ನನ್ನ ಎದೆಯಲ್ಲಿತ್ತು. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಮರುದಿನ ಮಿಕ್ಸರ್ ಹಚ್ಚುವ ಮೊದಲು ಮಗಳಿಗೆ ಹೇಳಿದೆ. ಅವಳೇ ಎದ್ದು ಹಿಂದಿನ ಖೋಲಿಗೆ ಹೋದಳು, ಸದ್ದು ನಿಂತ ಮೇಲೆ ತಾನೇ ಬಂದಳು. ಎಲ್ಲ ದಿನವೂ ಹೀಗಾಗುವುದಿಲ್ಲ. ಕೆಲವು ದಿನ ಅಳು ಇದ್ದೇ ಇರುತ್ತದೆ.

ಅಕ್ಕ ಡಾಕ್ಟರ ಹತ್ತಿರ ಬರಲು ಒಪ್ಪಲಿಲ್ಲ. ದೀಪಾವಳಿಗೆ ನಮ್ಮ ಮನೆಗೆ ಮಾತ್ರ ಬಂದಳು. ಅವಳೂ ಮಗಳೂ ಒಂದೇ ಖೋಲಿಯಲ್ಲಿ ಕೂತು, ಒಬ್ಬಳು ಗುಂಡಿಗಳನ್ನು ಬಣ್ಣವಾರು ಇಡುತ್ತ, ಇನ್ನೊಬ್ಬಳು ನನ್ನ ಹಳೆಯ ಸೀರೆಯ ಅಂಚು ಹೊಲಿಯುತ್ತ, ಮಧ್ಯಾಹ್ನ ಕಳೆದರು. ಸಂಜೆ ಮಗಳು ಬಂದು, “ದೊಡ್ಡವ್ವ ನಾಳೆನೂ ಇರ್ತಾಳೇನು?” ಎಂದಳು. ಯಾರ ಬಗ್ಗೆಯೂ ಅವಳು ಹೀಗೆ ಕೇಳಿರಲಿಲ್ಲ. ಒಂದು ದಿನ ನಿಲ್ಲು ಎಂದು ಅಕ್ಕನನ್ನು ಬೇಡಿಕೊಂಡೆ.

“ಐದರ ಬಸ್ಸಿಗೆ ಹೋಗ್ತೇನಿ ಅಂದಿದ್ದೆ” ಎಂದಳು. ನಂತರ ಮಗಳ ಎದುರು ಕೂತು, “ನಾ ಈಗ ಹೋಗ್ತೇನಿ. ಸಂಕ್ರಮಣಕ್ಕ ಬರ್ತೇನಿ” ಎಂದು ಹೇಳಿ ಎದ್ದಳು. ಮಗಳು ಬಾಗಿಲವರೆಗೆ ಹೋಗಿ ನಿಂತಳು, ಅಳಲಿಲ್ಲ.